ಅಕ್ಕಿಗೆ ಬಂದ ಹಕ್ಕಿ

"ಅಕ್ಕಿಗೆ ಅಕ್ಕಿ ಬಂದವೆ ಕಣಮ್ಮಾ" ಎಂದು ಇವತ್ತು ಬೆಳಿಗ್ಗೆ ನಮ್ಮ ಮನೆಗೆಲಸದ ಪುಟ್ಟಮ್ಮ ತಾರಸಿಯಿಂದ ಕೂಗಿದಳು. ಬಿಸಿಲಿಗೆ ಹರವಿದ ಅಕ್ಕಿಗೆ ಗುಬ್ಬಿಗಳು ಬಂದಿವೆ ಎಂದು ಅದರ ತಾತ್ಪರ್ಯ. ನನ್ನ ಎಂಟು ವರ್ಷದ ಮಗಳು ಬಿದ್ದು ಬಿದ್ದು ನಕ್ಕಳು. "ಅಪ್ಪ, ಅವಳಿಗೆ ಹಕ್ಕಿ ಅನ್ನೋಕೂ ಬರಲ್ಲ" ಎಂದಳು. ನಾನು ನಗಲಿಲ್ಲ. ಏಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ನಾನಾಗ ಹೊಸದಾಗಿ ಪ್ರೈಮರಿ ಶಾಲೆಗಳ ಇನ್‌ಸ್ಪೆಕ್ಟರ್. ತಲೆಗೆ ಜರಿ ಪೇಟ, ಕಾಲಿಗೆ ಬೂಟು, ಸೈಕಲ್ಲಿಗೆ ಕೆರಿಯರ್. ದರ್ಪಕ್ಕೇನೂ ಕೊರತೆ ಇರಲಿಲ್ಲ. ಆ ಸಲ ಶ್ರೀರಾಂಪುರದಾಚೆಯ ಎರಡು ಊರಿನ ಶಾಲೆಗಳನ್ನು ಹೋಲಿಸಿ ವರದಿ ಕೊಡಬೇಕಾಗಿತ್ತು. ಯಾವುದು ಮೇಲೋ ಅದಕ್ಕೆ ಐದನೇ ತರಗತಿ ಮಂಜೂರು. ಇನ್ನೊಂದು ಊರಿನಲ್ಲಿ ನಾಲ್ಕಕ್ಕೇ ಮುಕ್ತಾಯ. ಗಂಡುಮಕ್ಕಳು ನಡೆದುಕೊಂಡು ಪಕ್ಕದೂರಿಗೆ ಹೋದಾರು, ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ?

ಬೆಳಿಗ್ಗೆ ರಸ್ತೆ ಬದಿಯ ಊರಿಗೆ ಹೋದೆ. ಹೆಂಚಿನ ಕಟ್ಟಡ, ಸುಣ್ಣ ಹೊಡೆದ ಗೋಡೆ, ಮಕ್ಕಳ ಕೈಯಲ್ಲಿ ಕಾಗದ, ಪೆನ್ಸಿಲು. ಎಲ್ಲರೂ ಒಂದೇ ಉಸಿರಿನಲ್ಲಿ ಮಗ್ಗಿ ಒಪ್ಪಿಸಿದರು. ಹಕಾರ ಒಂದೂ ತಪ್ಪಲಿಲ್ಲ. ಉಕ್ತಲೇಖನ ಬರೆಸಿ, ಕಾಗದಗಳನ್ನು ಆಮೇಲೆ ನೋಡೋಣವೆಂದು ಚೀಲಕ್ಕೆ ಹಾಕಿಕೊಂಡೆ. ಮನಸ್ಸಿನಲ್ಲಿ ಮೊದಲ ಸ್ಥಾನವನ್ನು ಅಲ್ಲೇ ಕೊಟ್ಟೂ ಆಗಿತ್ತು.

ಮಧ್ಯಾಹ್ನ ಕೆರೆ ಮೇಲಿನ ಊರು. ಶಾಲೆಯೆಂದರೆ ಮಾರಿಗುಡಿಯ ಜಗಲಿ. ಒಬ್ಬರೇ ಮೇಷ್ಟ್ರು, ನಂಜಪ್ಪನವರು. ನಾಲ್ಕನೇ ತರಗತಿಯಲ್ಲಿ ಮುಂದೆ ಕೂತಿದ್ದ ಸಣ್ಣಮ್ಮ ಎಂಬ ಹುಡುಗಿಯನ್ನು ಎಬ್ಬಿಸಿ, 'ಹಕ್ಕಿ' ಪದ ಹಾಕಿ ಒಂದು ವಾಕ್ಯ ಹೇಳು ಎಂದೆ.

"ಅಕ್ಕಿ ಆರ್ತದೆ ಸ್ವಾಮಿ."

"ಬಿಸಿಲಿಗೆ ಹಾಕಿದರೆ ಆರದೆ ಇನ್ನೇನಮ್ಮ?" ಎಂದೆ. ಹುಡುಗಿ ತಲೆ ತಗ್ಗಿಸಿದಳು.

ಈಗ ನೆನೆದರೆ ನಾಚಿಕೆಯಾಗುತ್ತದೆ. ನಾನೇನು ಅರಮನೆಯ ವಿದ್ವಾಂಸರ ಮನೆಯಲ್ಲಿ ಹುಟ್ಟಿದವನೇ? ನಾನೂ ರಾಗಿ ಹೊಲದಿಂದಲೇ ಮೈಸೂರಿಗೆ ಬಂದವನು. ಹೈಸ್ಕೂಲಿನ ಮೊದಲ ದಿನ "ಆಲು ಬ್ಯಾಡ" ಎಂದು, ವರ್ಷವಿಡೀ ನಗೆಪಾಟಲಾಗಿದ್ದೆ. ಆಮೇಲೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಬ್ಬನೇ ನಡೆಯುತ್ತಾ ಹ, ಹಾ, ಹಿ, ಹೀ ಎಂದು ಗಂಟಲು ಹರಿಯುವಷ್ಟು ಸಾಧನೆ ಮಾಡಿದ್ದೆ. ಅಷ್ಟು ಕಷ್ಟಪಟ್ಟು ಸಂಪಾದಿಸಿದ ಹಕಾರವನ್ನು ಕಂಡ ಕಂಡ ಕಡೆ ಖರ್ಚು ಮಾಡುವ ಚಪಲ ನನಗೆ.

ನಂಜಪ್ಪನವರು ಮೆಲ್ಲಗೆ ಕೆಮ್ಮಿದರು. "ಸ್ವಾಮಿ, ಬಾಯಿ ನೋಡುದ್ರಿ. ಕೈನೂ ಒಂದಪ ನೋಡ್ಬುಡಿ" ಎಂದರು.

ಸರಿ, ಬೆಳಿಗ್ಗೆಯ ಉಕ್ತಲೇಖನವನ್ನೇ ಹೇಳಿದೆ. ಮಕ್ಕಳು ಸ್ಲೇಟಿನ ಮೇಲೆ ಬರೆದರು. ನೋಡುತ್ತಾ ಬಂದೆ. ಸಣ್ಣಮ್ಮನ ಸ್ಲೇಟಿನಲ್ಲಿ 'ಹಳ್ಳಿಯ ಹಾದಿಯಲ್ಲಿ ಆನೆ ಬಂತು' ಎಂದು ತಪ್ಪಿಲ್ಲದೆ ಇತ್ತು. ಆದರೂ ಅವಳ ಮುಖದಲ್ಲಿ ಅಳುಕು.

"ಸ್ವಾಮಿ, ನೀವು ಹಾನೆ ಅಂದ್ರಿ. ನಾನು ಆನೆ ಅಂತ ಬರ್ದಿವ್ನಿ. ತಪ್ಪಾ?"

ನಂಜಪ್ಪನವರು ಸೂರಿನ ತೊಲೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಆ ಬದನೆಕಾಯಿ ನನ್ನ ಬಾಯಲ್ಲೇ ಇತ್ತು. ಹಳ್ಳಿ, ಹಾದಿ ಎಂದ ರಭಸದಲ್ಲಿ ಆನೆಗೂ ಒಂದು ಹಕಾರ ದಾನ ಮಾಡಿಬಿಟ್ಟಿದ್ದೆ.

ಆಗ ಚೀಲದ ನೆನಪಾಯಿತು. ರಸ್ತೆ ಊರಿನ ಕಾಗದಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಮುದ್ದಾದ ಅಕ್ಷರ. ಪ್ರತಿಯೊಂದರಲ್ಲೂ 'ಹಾನೆ'. ಪಾಪ, ಆ ಮಕ್ಕಳಿಗೆ ಆನೆ ಗೊತ್ತಿರಲಿಲ್ಲವೆಂದಲ್ಲ. ಬೆಳಿಗ್ಗೆಯೂ ಸಾಹೇಬರು ಹಾಗೇ ಹೇಳಿದ್ದಾರೆ, ಮಕ್ಕಳು ಹಾಗೇ ಬರೆದಿದ್ದಾರೆ.

"ತಪ್ಪು ನಂದು ಕಣಮ್ಮ" ಎಂದೆ. ಆ ಮಾತು ಹೇಳುವುದು ಹಕಾರ ಕಲಿತದ್ದಕ್ಕಿಂತ ಕಷ್ಟವಾಯಿತು. ವರದಿಯಲ್ಲಿ ಕೆರೆ ಊರನ್ನು ಮೊದಲು ಬರೆದೆ. ಕಾರಣದ ಕಾಲಮ್ಮಿನಲ್ಲಿ, 'ಇಲ್ಲಿಯ ಮಕ್ಕಳು ಇನ್‌ಸ್ಪೆಕ್ಟರನ್ನೂ ತಿದ್ದಬಲ್ಲರು' ಎಂದು ಷರಾ ಹಾಕಿದೆ. ಮೇಲಿನವರು ನಕ್ಕರಂತೆ, ಆದರೆ ಮಂಜೂರು ಮಾಡಿದರು. ಮುಂದಿನ ಜೂನ್ ತಿಂಗಳಲ್ಲಿ ಹೋದಾಗ ಐದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ಸಣ್ಣಮ್ಮನದೇ ಇತ್ತು. ನನ್ನ ನೌಕರಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದು ಎಂದು ಧೈರ್ಯವಾಗಿ ಹೇಳಬಲ್ಲೆ.

ಇಷ್ಟೆಲ್ಲ ನೆನಪಾಗಿ, ನಗುತ್ತಿದ್ದ ಮಗಳನ್ನು ಕರೆದೆ. "ಸ್ಲೇಟು ತಗೊಂಡು ಬಾ. ಬರಿ: ಹಳ್ಳಿಯ ಹಾದಿಯಲ್ಲಿ ಹಾನೆ ಬಂತು" ಎಂದೆ, ಬೇಕೆಂದೇ.

ಬರೆದು ತೋರಿಸಿದಳು. ದುಂಡು ದುಂಡಾದ ಅಕ್ಷರದಲ್ಲಿ 'ಹಾನೆ' ಎಂದಿತ್ತು.

"ನೀವೇ ಹಾಗಂದ್ರಲ್ಲ ಅಪ್ಪ?"

"ಅದಕ್ಕೇ ಕಣಮ್ಮ" ಎಂದೆ. "ಮೊದಲು ನನ್ನ ತಪ್ಪು ತಿದ್ದೋದು ಕಲಿ. ಪುಟ್ಟಮ್ಮನ್ನ ನೋಡಿ ನಗೋದು ಆಮೇಲೆ."