ಎರಡು ಕ್ಯಾಲೆಂಡರುಗಳ ನಡುವಿನ ಚಂದ್ರ

ಕದ್ದು ನಕಲು ಮಾಡಿದ ಸಿ.ಡಿ.ಯನ್ನು ಗೌರವದಿಂದ ಬರಮಾಡಿಕೊಂಡು, ಹಂಚಿಕೊಳ್ಳಲೆಂದೇ ಬರೆದುಕೊಟ್ಟ ತಂತ್ರಾಂಶವನ್ನು ಅನುಮಾನಿಸುವುದು ಯಾವ ನ್ಯಾಯ?

ಎರಡು ಸಾವಿರದ ದಶಕದಲ್ಲಿ ಮುಳಬಾಗಿಲಿನ ನಮ್ಮ ಬೀದಿಯ ವಾಚನಾಲಯಕ್ಕೆ ಹಳೆಯ ಕಂಪ್ಯೂಟರೊಂದು ದಾನವಾಗಿ ಬಂದಿತು. ಆಗ ಕಾಲೇಜಿನಲ್ಲಿದ್ದ ನಾನು ಅದಕ್ಕೆ ಲಿನಕ್ಸ್ ಹಾಕಿದೆ, ಅಂದರೆ ಕಂಪ್ಯೂಟರನ್ನು ನಡೆಸುವ, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಿ ಹಂಚಿಕೊಳ್ಳಬಹುದಾದ ಮೂಲ ತಂತ್ರಾಂಶ. ವೃತ್ತಿಯಲ್ಲಿ ಲೆಕ್ಕಪರಿಶೋಧಕರಾಗಿದ್ದ ವಾಚನಾಲಯದ ಅಧ್ಯಕ್ಷರಿಗೆ ಅದು ಸರಿಬೀಳಲಿಲ್ಲ.

"ಬಿಟ್ಟಿ ಸಿಕ್ಕಿದ್ದು ಎಷ್ಟು ದಿನ ಬಾಳತ್ತೆ? ಭಾನುವಾರ ಕಂಪ್ಯೂಟರ್ ಅಂಗಡಿಯೋರನ್ನ ಕರೆಸಿ ಅಳಿಸಿಬಿಡ್ತೀನಿ. ಎಲ್ಲರ ಮನೇಲಿರೋದೇ ಇಲ್ಲೂ ಇರ್ಲಿ."

"ಎಲ್ಲರ ಮನೇಲಿರೋದೂ ನಕಲು ಸಿ.ಡಿ.ಯಿಂದ ಹಾಕಿದ ಕದ್ದ ಮಾಲಲ್ವಾ ಸಾರ್?"

"ಇದು ನಿನ್ನ ಕಾಲೇಜಿನ ಚರ್ಚಾಸ್ಪರ್ಧೆ ಅಲ್ಲ ಕಣಯ್ಯ. ಯಾರಿಗಾದ್ರೂ ಉಪಯೋಗ ಆಗಿದ್ರೆ ತೋರ್ಸು!"

ಅದೇ ವಾರ ಸಂಕಷ್ಟಿ. ಉಪವಾಸವಿದ್ದವರು ಚಂದ್ರನನ್ನು ನೋಡಿಯೇ ಊಟ ಮಾಡಬೇಕು. ಮೋಡವಿದ್ದರೆ ಕ್ಯಾಲೆಂಡರಿನ ಚಂದ್ರೋದಯದ ಹೊತ್ತೇ ಗತಿ. ಅಂದು ದಟ್ಟ ಮೋಡ. ಅಧ್ಯಕ್ಷರ ಮನೆಯಲ್ಲಿ ಬೆಂಗಳೂರಿನ ಕನ್ನಡ ಕ್ಯಾಲೆಂಡರು ಒಂದು ಹೊತ್ತು ಹೇಳಿದರೆ, ಆಂಧ್ರದವರಾದ ಅವರ ಹೆಂಡತಿ ತವರಿನಿಂದ ತಂದ ತೆಲುಗು ಕ್ಯಾಲೆಂಡರು ಇನ್ನೊಂದು ಹೊತ್ತು ಹೇಳುತ್ತಿತ್ತು. ಅತ್ತೆ-ಸೊಸೆ ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ಅಧ್ಯಕ್ಷರ ತಾಯಿಯೇ ವಾಚನಾಲಯದ ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ಅಧ್ಯಕ್ಷರೂ ಬಂದರು.

"ಏನೋ, ನಿನ್ನ ಪೆಟ್ಟಿಗೇಲಿ ಚಂದ್ರ ಇದ್ದಾನಂತಲ್ಲ, ಮಕ್ಕಳು ಹೇಳ್ತಿದ್ವು! ಎಷ್ಟೊತ್ತಿಗೆ ಬರ್ತಾನೆ ಕೇಳು. ಹಸಿವು ತಡೆಯಕ್ಕಾಗ್ತಿಲ್ಲ."

ಉಪವಾಸದಲ್ಲಿ ನನಗೆ ನಂಬಿಕೆಯಿರಲಿಲ್ಲ, ಇಂದಿಗೂ ಇಲ್ಲ. ಮಕ್ಕಳಿಗೆ ಆಕಾಶ ಪರಿಚಯಿಸಲೆಂದು ಲಿನಕ್ಸಿನ ಕೆಸ್ಟಾರ್ಸ್ ಎಂಬ ನಕ್ಷತ್ರವೀಕ್ಷಣೆಯ ತಂತ್ರಾಂಶ ಹಾಕಿದ್ದೆ. ಅದರ ಊರುಗಳ ಪಟ್ಟಿಯಲ್ಲಿ ಮುಳಬಾಗಿಲು ಇಲ್ಲದ್ದರಿಂದ ಅಕ್ಷಾಂಶ, ರೇಖಾಂಶಗಳನ್ನು ನಾನೇ ತುಂಬಿದ್ದೆ. ತೆರೆದು ನೋಡಿದರೆ, ಚಂದ್ರೋದಯದ ಹೊತ್ತು ಎರಡು ಕ್ಯಾಲೆಂಡರುಗಳ ನಡುವೆ ಇತ್ತು. ಒಂದೊಂದು ಕ್ಯಾಲೆಂಡರೂ ತಾನು ಅಚ್ಚಾದ ಊರಿನ ಹೊತ್ತು ಹೇಳುತ್ತದೆ, ನಮ್ಮೂರು ಆ ಎರಡು ಊರುಗಳ ನಡುವೆ ಇದೆ ಎಂದು ವಿವರಿಸಿದೆ.

"ಅಂದ್ರೆ ಇಷ್ಟು ವರ್ಷ ಬೇರೆ ಊರಿನ ಚಂದ್ರನಿಗೆ ಕಾದ್ವಾ?" ಎಂದು ನಕ್ಕ ಆಕೆ ಮಗನತ್ತ ತಿರುಗಿದರು. "ಇದನ್ನ ಅಳಿಸಿದ್ಯೋ, ಮುಂದಿನ ಸಂಕಷ್ಟಿಗೆ ನೀನೇ ಮಾಳಿಗೆ ಹತ್ತಿ ಚಂದ್ರನ್ನ ಎಳ್ಕೊಂಡು ಬಾ!"

ಅಧ್ಯಕ್ಷರು ಸೋಲೊಪ್ಪಲಿಲ್ಲ. "ಸರಿ, ಅದೊಂದು ಇರ್ಲಿ. ಮಿಕ್ಕಿದ್ದು ತೆಗಿ."

"ಅದು ನಿಂತಿರೋದೇ ಮಿಕ್ಕಿದ್ದರ ಮೇಲೆ ಸಾರ್. ತೆಗಿಯಲ್ಲ."

ಭಾನುವಾರ ಅಧ್ಯಕ್ಷರು ಅಂಗಡಿಯವರನ್ನು ಕರೆಸಲಿಲ್ಲ. ಲಿನಕ್ಸ್ ಉಳಿಯಿತು. ವಂಶವೃಕ್ಷ ಬರೆಯುವ, ಮಕ್ಕಳಿಗೆ ಲೆಕ್ಕ ಕಲಿಸುವ, ನಮ್ಮ ಕಡೆ ಯಾರೂ ಹೆಸರು ಕೇಳಿರದ ಇನ್ನೆಷ್ಟೋ ತಂತ್ರಾಂಶಗಳು ಅದರೊಡನೆ ಉಳಿದವು. ಅವನ್ನು ಬಳಸಿಯೂ ನೋಡದೆ ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲವೆಂದು ಇಂದೂ ವಾದಿಸುತ್ತೇನೆ.

ನಿಮ್ಮೂರಿನ ವಾಚನಾಲಯದ ಮೂಲೆಯಲ್ಲಿ ಹಳೆಯ ಕಂಪ್ಯೂಟರಿದ್ದರೆ, ದಯವಿಟ್ಟು ಅದಕ್ಕೆ ಲಿನಕ್ಸ್ ಹಾಕಿ, ಕೆಸ್ಟಾರ್ಸ್ ತೆರೆದು, ನಿಮ್ಮ ಊರನ್ನು ಅದರ ಪಟ್ಟಿಗೆ ಸೇರಿಸಿ.