ಮುಲ್ಕಿಯಾಗಲು ಸೂಲಗಿತ್ತಿಯ ಸಾಕ್ಷಿ

ಹೊಳೆ ದಾಟಿ ಮುನಿರಾಬಾದಿಗೆ ಬಂದ ಮೊದಲ ವಾರವೇ ನಾನು ಎರಡು ಪವಾಡ ಮಾಡಿದೆ. ಶುಕ್ರವಾರ ತಲೆಗೆ ಎಣ್ಣೆ ಹಚ್ಚಿ, ಬೀಗ ಹಾಕಿದ ಕಚೇರಿಯ ಮುಂದೆ ನಾಲ್ಕು ತಾಸು ನಿಂತೆ. ರವಿವಾರ ನಮ್ಮ ಹೊಸಪೇಟೆಯ ರೂಢಿಯಂತೆ ಮಧ್ಯಾಹ್ನದ ತನಕ ಮಲಗಿದೆ. ಸೋಮವಾರ ಹೋದರೆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ‘ಗೈರ್‌ಹಾಜರ್’. ಅಂದರೆ ಬಂದಿಲ್ಲ. ನಿಜಾಮರ ಸೀಮೆಯಲ್ಲಿ ವಾರದ ರಜೆ ಶುಕ್ರವಾರ ಅಂತ ನಮ್ಮೂರಿನ ಯಾವ ಪಂಡಿತನೂ ಹೇಳಿರಲಿಲ್ಲ. ತಮಾಷೆ ಅಂದರೆ, ಕೂಲಿಯವರ ಹಾಜರಿ ಬರೆಯುವ ಗುಮಾಸ್ತ ನಾನೇ!

ಆಗ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ ಎರಡೂ ದಂಡೆಗೆ ಶುರುವಾಗಿತ್ತು. ಆ ಕಡೆ ಇಂಗ್ಲಿಷರ ಸೀಮೆ. ಅಲ್ಲಿ ನನ್ನನ್ನು ಬಲ್ಲವರೇ ಹೆಚ್ಚು, ಹಾಗಾಗಿ ಕೆಲಸ ಸಿಗಲಿಲ್ಲ. ಈ ಕಡೆ ರೂಪಾಯಿ ಬೇರೆ, ತಿಂಗಳುಗಳ ಹೆಸರು ಬೇರೆ, ಬರವಣಿಗೆ ಬಲದಿಂದ ಎಡಕ್ಕೆ. ತಗಡಿನ ಕೋಣೆಯಲ್ಲಿ ಐವರಿದ್ದೆವು. ಒಬ್ಬನ ಗೊರಕೆಗೆ ಬಂಡೆಗಳು ತಾವಾಗಿ ಸೀಳಿಹೋಗುತ್ತಿದ್ದವು, ಸರ್ಕಾರಕ್ಕೆ ಸಿಡಿಮದ್ದಿನ ಖರ್ಚು ಉಳಿಯಿತು. ಖಾನಾವಳಿಯ ಸಾರು ಕಿವಿಯಲ್ಲಿ ಹೊಗೆ ಬರುವಷ್ಟು ಖಾರ. ನನಗೆ ಅದೇ ಅನುಕೂಲ. ಅವ್ವನ ನೆನಪಾದಾಗ ಕಣ್ಣೀರಿಗೆ ಬೇರೆ ಕಾರಣ ಸಿಗುತ್ತಿತ್ತು.

ಒಂದು ದಿನ ಕಚೇರಿಯ ಸಾಹೇಬರು ಕರೆದರು. “ನೀ ಮುಲ್ಕಿ ಅದಿಯೇನಪಾ?”

“ಇಲ್ರಿ ಸಾಹೇಬ್ರ, ಎಸ್ಸೆಸ್ಸೆಲ್ಸಿ.”

ಅವರು ನಗಲಿಲ್ಲ. ಮುಲ್ಕಿ ಅಂದರೆ ಏಳನೆಯ ಇಯತ್ತೆಯ ಪರೀಕ್ಷೆ ಅಂತ ನಾನು ತಿಳಿದಿದ್ದೆ; ಇಲ್ಲಿ ಮುಲ್ಕಿ ಅಂದರೆ ಈ ರಾಜ್ಯದ ಪ್ರಜೆ. ಹೊರಗಿನವರಿಗೆ ಸರ್ಕಾರಿ ನೌಕರಿ ಕೊಡಲು ಕಾಯಿದೆ ಬಿಡುವುದಿಲ್ಲವಂತೆ. ತಿಂಗಳೊಳಗೆ ಮುಲ್ಕಿ ಪತ್ರ ಬಂದರೆ ನೌಕರಿ, ಇಲ್ಲದಿದ್ದರೆ ಗಂಟುಮೂಟೆ. ಅಣೆಕಟ್ಟೆಗೆ ನಾನೇ ಅಧಿಕಾರಿ ಎಂದು ಓಣಿಗೆಲ್ಲ ಹೇಳಿ ಬಂದಿದ್ದೆ, ಅದು ಹೋಗಲಿ. ಅಪ್ಪ ತೀರಿದ ಮೇಲೆ ಅವ್ವ ಮಂದಿ ಮನೆಯ ಭಾಂಡೆ ತಿಕ್ಕುತ್ತಿದ್ದಳು. ಅದನ್ನು ಬಿಡಿಸಲೆಂದೇ ನಾನು ಹೊಳೆ ದಾಟಿದ್ದು.

ಆಗ ಹೊಳೆಯಿತು. ಚೊಚ್ಚಲ ಹೆರಿಗೆ ತವರಿನಲ್ಲಲ್ಲವೇ? ಅವ್ವನ ತವರು ಕುಕನೂರು, ನಿಜಾಮರ ಸೀಮೆ. ನಾನು ಚೊಚ್ಚಲ ಮಗ! ಅಜ್ಜ ಅಜ್ಜಿ ಹೋಗಿಬಿಟ್ಟಿದ್ದರು. ಅವ್ವನ ಹೆರಿಗೆ ಮಾಡಿಸಿದ ಸೂಲಗಿತ್ತಿ ಹುಸೇನಬಿ ಇನ್ನೂ ಇದ್ದಳು. ಮುಂದಿನ ಶುಕ್ರವಾರವೇ ಅವಳ ಬಾಗಿಲಲ್ಲಿ ನಿಂತೆ.

“ಯಾರ್ಲೇ ನೀನು?”

“ಗೌರವ್ವನ ಮಗ, ಆಯಿ. ಬಸವರಾಜ.”

“ಅಯ್ಯ ಬಸ್ಯಾ! ಮೂರು ದಿನ ಬ್ಯಾನಿ ತಿನಿಸಿ ಹುಟ್ಟಿದಾಂವ ನೀನ ಏನೋ? ಆಗೂ ತಡಾ, ಈಗೂ ತಡಾ. ನಡಿ, ಯಾವ ಸಾಹೇಬ ಅದಾನ ನೋಡೂಣು.”

ಮರುದಿನ ಕಚೇರಿಯಲ್ಲಿ ಸಾಹೇಬರು ಕೇಳಿದರು. “ಆ ಕೂಸು ಇವನ ಅಂತ ಹೆಂಗ ಗುರುತವ್ವಾ?”

“ಕುಂಡಿ ಮ್ಯಾಲ ಹುಣಸಿ ಬೀಜದಷ್ಟು ಮಚ್ಚಿ ಐತ್ರಿ. ಬರಕೋರ್ರಿ. ಬೇಕಂದ್ರ ತೋರಸ್ತಾನ.”

ಇಡೀ ಕಚೇರಿ ನಕ್ಕಿತು. ಗೋಡೆಯ ಗಡಿಯಾರವೂ ಎರಡು ನಿಮಿಷ ನಿಂತು ನಕ್ಕಿತೆಂದು ನನ್ನ ಅಂದಾಜು.

“ಬ್ಯಾಡವ್ವಾ, ನಿನ್ನ ಮಾತು ಸಾಕು,” ಎಂದು ಸಾಹೇಬರು ತಮ್ಮ ಕುರ್ಚಿ ಅವಳಿಗೆ ಬಿಟ್ಟು, ತಮಗೆ ಬಂದ ಚಹಾವನ್ನೂ ಕೊಟ್ಟರು. ಕಾಯಿದೆಗೆ ಹುಟ್ಟು ಒಂದೇ ಸಾಲದಾದರೂ ಅದರ ಮೇಲೆ ತಾವೇ ಶಿಫಾರಸು ಬರೆದರು. ಹುಸೇನಬಿ ಹೆಬ್ಬೆಟ್ಟು ಒತ್ತಿದಳು. ಗುರುತಿಲ್ಲದ ಸೀಮೆಯಲ್ಲಿ ಇಬ್ಬರು ನನಗಾಗಿ ನಿಂತರು. ಈ ಮಾತಿಗೆ ಮಾತ್ರ ನಾನು ಒಂದಿಷ್ಟೂ ಸೇರಿಸಿಲ್ಲ.

ಕೊನೆಗೊಂದು ಪ್ರಮಾಣ ಉಳಿದಿತ್ತು. ಸಾಹೇಬರು ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು: “ಹಿಂದಿನ ಊರಿಗೆ ತಿರುಗಿ ಹೋಗುವ ವಿಚಾರ ಬಿಟ್ಟಿದ್ದೇನೆ.”

ಲೇಖನಿಯನ್ನು ಮೂರು ಸಲ ಶಾಯಿಗೆ ಅದ್ದಿದೆ, ಮೂರು ಸಲವೂ ಒರೆಸಿದೆ.

“ಹಾಕೋ ಬಸ್ಯಾ,” ಎಂದಳು ಹುಸೇನಬಿ. “ನಿಮ್ಮವ್ವನೂ ಹುಟ್ಟಿದೂರು ಬಿಟ್ಟು ಹೊಳಿ ದಾಟಿದಾಕೀನ. ಆಕಿಗೆ ಯಾರೂ ಕಾಗದ ಕೇಳಲಿಲ್ಲ.”

ಸಹಿ ಹಾಕಿದೆ. ಶಾಯಿ ಇನ್ನೂ ಹಸಿಯಾಗಿತ್ತು.

“ಸಾಹೇಬ್ರ, ನಾಳೆ ಒಂದಿನ ರಜಾ ಬೇಕ್ರಿ.”

“ಯಾಕಪಾ?”

“ಇನ್ನ ಊರಿಗೆ ಬರೂದಿಲ್ಲ ಅಂತ ಅವ್ವಗ ಹೇಳಾಕ, ಊರಿಗೆ ಹೋಗಬೇಕ್ರಿ.”

ಸಾಹೇಬರು ಎರಡು ದಿನದ ರಜೆ ಬರೆದುಕೊಟ್ಟರು.