ಅವ್ವನ ತಿಥಿಗೆ ಕೊಡದ ಕೂದಲು

ನಮ್ಮೂರ ಚಲುವರಾಜು ಹತ್ತು ವರ್ಷ ಸಿನಿಮಾದಲ್ಲಿ ಪಾರ್ಟು ಮಾಡಿದ. ಬಸ್ಸಿನಲ್ಲಿ ಅವನ ಎದುರು ಕೂತವರು ಈ ಮುಖವನ್ನು ಎಲ್ಲೋ ನೋಡಿದ್ದೇವಲ್ಲ ಎಂದು ಮದ್ದೂರಿನಿಂದ ಮಳವಳ್ಳಿಯವರೆಗೂ ತಲೆ ಕೆರೆದುಕೊಳ್ಳುತ್ತಿದ್ದರೇ ಹೊರತು ಹೆಸರು ಒಬ್ಬರಿಗೂ ಹೊಳೆಯುತ್ತಿರಲಿಲ್ಲ. ನನಗೆ ಗೊತ್ತಿರುವುದಕ್ಕೆ ಕಾರಣವಿದೆ. ಅವನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಒಬ್ಬರೇ ಮೇಷ್ಟರಿಂದ ಒದೆ ತಿಂದವರು. ಆಮೇಲೆ ಅವನು ಪರದೆಯ ಮೇಲಕ್ಕೆ ಹೋದ, ನಾನು ಭಾರತೀನಗರದ ಟೆಂಟ್ ಸಿನಿಮಾದಲ್ಲಿ ಗೇಟು ಕಾಯುತ್ತಾ ಟಿಕೆಟ್ ಹರಿಯುವವನಾದೆ. ಅವನ ಪಾರ್ಟುಗಳನ್ನು ನನ್ನಷ್ಟು ಸಲ ನೋಡಿದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಎಪ್ಪತ್ತನೇ ಇಸವಿಯಲ್ಲಿ ಮೊದಲನೆಯದು, ಗಾಡಿ ಹೊಡೆಯುವವನು. ಹೊಳೆ ತುಂಬಿದೆ ಬುದ್ಧಿ ಎಂಬ ಒಂದೇ ಮಾತು. ಅವನ ಅವ್ವ ಮಂಚಮ್ಮ ಆ ಒಂದು ಮಾತು ಕೇಳುವುದಕ್ಕೆ ನಾಲ್ಕು ಆಟಕ್ಕೆ ಬಂದಳು. ಮಾತು ಮುಗಿದ ಕೂಡಲೇ ಸೆರಗು ಕೊಡವಿಕೊಂಡು ಎದ್ದುಬಿಡುತ್ತಿದ್ದಳು. ಉಳಿದದ್ದನ್ನೂ ನೋಡು ಎಂದರೆ, ನನ್ನ ಮಗ ಹೋದಮೇಲೆ ಅದರಲ್ಲಿ ನೋಡುವುದಕ್ಕೆ ಏನಿದೆ ಎಂದು ನನ್ನನ್ನೇ ಕೇಳುತ್ತಿದ್ದಳು. ಮುಂದೆ ಅವನು ತಂತಿ ತರುವ ಪೋಸ್ಟ್‌ಮನ್ ಆದ, ಇನ್‌ಸ್ಪೆಕ್ಟರಿಗೆ ಜೀಪಿನ ಬಾಗಿಲು ತೆಗೆಯುವ ಪೇದೆಯಾದ, ಹೆಣ್ಣಿನ ಕಡೆಯವರಿಗೆ ಸುಳ್ಳು ಹೇಳುವ ಮದುವೆ ದಲ್ಲಾಳಿಯಾದ. ಮದರಾಸಿನ ಸಿನಿಮಾ ಕಂಪನಿಯಿಂದ ಕಾಗದ ಬಂದರೆ ಕಬ್ಬಿನ ಗದ್ದೆಯನ್ನು ಅಣ್ಣ ಶಿವಯ್ಯನ ಮೇಲೆ ಬಿಟ್ಟು ಹೊರಡುತ್ತಿದ್ದ. ಶಿವಯ್ಯ ಒಂದು ದಿನವೂ ಗೊಣಗಲಿಲ್ಲ. ಅಪ್ಪ ಬೇಗ ಹೋದ ಮನೆ ಅದು. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಕಿದವನು ಅವನೇ.

ಎಪ್ಪತ್ತೈದರಲ್ಲಿ ದೊಡ್ಡ ಪಾರ್ಟು ಬಂತು. ಜಮೀನ್ದಾರನ ಲೆಕ್ಕ ಬರೆಯುವ ಕಪಟಿ ಗುಮಾಸ್ತ, ಹದಿನಾಲ್ಕು ಸೀನು, ಹೆಸರು ಟೈಟಲ್ಲಿನಲ್ಲಿ. ಮೀಸೆ ಅವನದೇ, ನಡುಬೈತಲೆ ತೆಗೆದ ಕ್ರಾಪೂ ಅವನದೇ. ಹತ್ತು ಸೀನು ಮುಗಿದಿತ್ತು, ಮಂಚಮ್ಮ ತೀರಿಕೊಂಡಳು.

ನಮ್ಮಲ್ಲಿ ಅಪ್ಪನ ಕಾರ್ಯ ಹಿರಿಯ ಮಗನದು, ಅವ್ವನದು ಕಿರಿಯ ಮಗನದು. ಚಲುವರಾಜು ಬಂದು ಮಣ್ಣು ಮಾಡಿದ, ಎರಡು ದಿನ ಅನ್ನ ಮುಟ್ಟದೆ ಅತ್ತ, ಮದರಾಸಿಗೆ ಹೋಗಿ ಹನ್ನೊಂದನೇ ದಿನದ ತಿಥಿಗೆ ಮತ್ತೆ ಬಂದ. ಕೆರೆ ಏರಿಯ ಕೆಳಗೆ ಕ್ಷೌರದವನು ಕತ್ತಿ ಮಸೆದುಕೊಂಡು ಕೂತಿದ್ದ. ಕಾರ್ಯ ಮಾಡುವ ಮಗ ತಲೆ ಮೀಸೆ ಎರಡನ್ನೂ ಕೊಟ್ಟಮೇಲೆಯೇ ಸತ್ತವರಿಗೆ ಎಡೆ. ಚಲುವರಾಜು ಕೂರಲಿಲ್ಲ. ಕಂಟಿನ್ಯುಟಿ ಅಂತ ಒಂದಿದೆ ಎಂದು ಅಣ್ಣನಿಗೆ ತಿಳಿಹೇಳುವುದಕ್ಕೆ ಹೊರಟ. ಒಂದು ಸೀನಿನಲ್ಲಿ ಬಾಗಿಲ ಒಳಗೆ ಬರುವಾಗ ಇದ್ದ ಕೂದಲು ಇನ್ನೊಂದರಲ್ಲಿ ಹೊರಗೆ ಹೋಗುವಾಗಲೂ ಇರಬೇಕಂತೆ, ಅಲ್ಲೊಬ್ಬ ಫೋಟೋ ಆಲ್ಬಂ ಇಟ್ಟುಕೊಂಡು ಮೀಸೆಯ ತುದಿಯನ್ನೂ ತಾಳೆ ನೋಡುತ್ತಾನಂತೆ, ಬೋಳಿಸಿಕೊಂಡರೆ ಹತ್ತು ಸೀನನ್ನೂ ಬಿಸಾಕಿ ಬೇರೆಯವನನ್ನು ಹಾಕಿಕೊಳ್ಳುತ್ತಾರಂತೆ.

"ಇನ್ನು ನಾಕೇ ಸೀನು ಕಣಣ್ಣ. ಮುಗುದ್ ಮ್ಯಾಲೆ ಕೊಡ್ತೀನಿ," ಎಂದ.

ಶಿವಯ್ಯ ತಮ್ಮನನ್ನೂ ಕತ್ತಿಯನ್ನೂ ನೋಡಿದ. ತಾನೇ ಹೋಗಿ ಕ್ಷೌರದವನ ಮುಂದೆ ತಲೆ ಬಗ್ಗಿಸಿ ಕೂತ. ಎದ್ದಮೇಲೆ ಒಂದೇ ಮಾತು ಹೇಳಿದ.

"ಇನ್ಮ್ಯಾಲೆ ಅವ್ವನ ಎಡೆಗೆ ನೀನು ಕೈ ಆಕ್ಬ್ಯಾಡ."

ನನಗೆ ಚಲುವರಾಜುವಿನ ಮೇಲೆ ಆವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ. ಆ ಚಿತ್ರ ನಮ್ಮ ಟೆಂಟಿಗೆ ಬಂದಾಗ ಹದಿನಾಲ್ಕು ಸೀನಿನಲ್ಲಿ ಉಳಿದದ್ದು ಮೂರು. ಯಾವ ನಾಲ್ಕಕ್ಕಾಗಿ ಕೂದಲು ಉಳಿಸಿಕೊಂಡನೋ ಆ ನಾಲ್ಕರಲ್ಲಿ ಒಂದೂ ಇರಲಿಲ್ಲ. ಉದ್ದವಾಯಿತೆಂದು ಕತ್ತರಿಸಿ ಹಾಕಿದ್ದರು.

ಅವನು ಹೆಂಡತಿ ಇಂದ್ರಮ್ಮನ ಜೊತೆ ಮದ್ದೂರಿನಲ್ಲಿ ಬಾಡಿಗೆ ಮನೆ ಮಾಡಿದ. ವರ್ಷಕ್ಕೊಮ್ಮೆ ಪಕ್ಷದ ಹಬ್ಬಕ್ಕೆ ಮಾತ್ರ ಊರಿಗೆ ಬರುತ್ತಿದ್ದ. ಒಳಗೆ ಶಿವಯ್ಯ ಹೊಸ ಸೀರೆ, ಎಲೆಅಡಿಕೆ, ಬಂಡೂರು ಕುರಿಯ ಸಾರು ಎಲ್ಲವನ್ನೂ ಅವ್ವನ ಹೆಸರಿನಲ್ಲಿ ಎಡೆಗೆ ಇಡುತ್ತಿದ್ದ. ಇವನು ಹೊರಗೆ ಜಗಲಿಯ ಮೇಲೆ ಕೂತು ಧೂಪದ ವಾಸನೆ ಕುಡಿದು ಹೊರಟುಹೋಗುತ್ತಿದ್ದ. ಅಣ್ಣ ಕರೆಯುತ್ತಿರಲಿಲ್ಲ, ಇವನು ಕೇಳುತ್ತಿರಲಿಲ್ಲ. ಒಂದೇ ಒಂದು ಸಲ ಅವ್ವನಿಗೆ ತನ್ನ ಕೈಯಿಂದ ಎಡೆ ಇಡಬೇಕು, ಅಷ್ಟಾದರೆ ಸಾಕು ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾನೆ.

ಎಪ್ಪತ್ತೆಂಟರ ಪಕ್ಷದ ಹಬ್ಬದ ದಿನ ಬಸ್ಸಿನಿಂದ ಇಳಿದವನನ್ನು ನೋಡಿ ಹತ್ತಿರಕ್ಕೆ ಓಡಿದೆ. ತಲೆ ಬೋಳು, ಮೀಸೆ ಇಲ್ಲ. ಯಾರು ಹೋದರು ಎಂದು ಕೇಳಿದೆ. ಯಾರೂ ಇಲ್ಲ, ಪಾರ್ಟು ಎಂದ. ತಾಯಿ ಸತ್ತ ಒಬ್ಬ ರೈತನದಂತೆ. ಹೊಳೆ ದಂಡೆಯಲ್ಲಿ ನಿಜವಾಗಿ ಬೋಳಿಸಿಕೊಳ್ಳುತ್ತೀಯಾ ಎಂದು ಡೈರೆಕ್ಟರು ಕೇಳಿ ಮುಗಿಸುವುದರೊಳಗೆ ಇವನು ಕೂತುಬಿಟ್ಟಿದ್ದನಂತೆ. ಕೂದಲು ಒಂದೇ ಸಲ ಇರುವುದರಿಂದ ಒಂದೇ ಟೇಕು. ಬರೆದುಕೊಟ್ಟ ಮಾತು ಏನೂ ಇರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದೆ ಎಂದ. ಏನು ಹೇಳಿದೆ ಎಂದರೆ ಮುಖ ಆಚೆ ತಿರುಗಿಸಿದ.

"ಅಣ್ಣ ಕೇಳುದ್ರೆ ನಾನೇ ಏಳ್ತೀನಿ. ನೀನು ಬಾಯ್ಬುಡಬ್ಯಾಡ ಕಣ್ಲಾ."

ಅಣ್ಣ ಕೇಳಲಿಲ್ಲ. ಬಾಗಿಲಿಗೆ ಬಂದ ಶಿವಯ್ಯ ಜಗಲಿಯ ಮೇಲಿದ್ದ ಬೋಳುತಲೆಯನ್ನು ನೋಡಿ ಕಂಬ ಹಿಡಿದುಕೊಂಡ. ಅವ್ವನಿಗೆ ಕೊಡಬೇಕಾದದ್ದನ್ನು ತಮ್ಮ ಮೂರು ವರ್ಷ ತಡವಾಗಿಯಾದರೂ ಕೊಟ್ಟು ಬಂದಿದ್ದಾನೆ ಎಂದೇ ಅವನು ತಿಳಿದ. ಹಾಗಲ್ಲದೆ ಬೇರೆ ಏನು ತಿಳಿದಾನು? ತಂಬಿಗೆ ನೀರು ತಂದುಕೊಟ್ಟ.

"ಬಾ ಒಳಿಕ್ಕೆ. ಅವ್ವ ಕಾಯ್ತಾವ್ಳೆ."

ಆ ಮಾತಿಗೆ ಎದುರಾಗಿ ನಿಜ ಹೇಳುವ ಗಂಡಸು ಯಾರಿದ್ದಾನೋ ನಾನು ಕಾಣೆ. ಚಲುವರಾಜು ಕಾಲು ತೊಳೆದು ಒಳಗೆ ಹೋದ. ಎಡೆ ಇಟ್ಟ. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಅಣ್ಣತಮ್ಮ ಇಬ್ಬರೂ ಒಂದೇ ಚಾಪೆಯ ಮೇಲೆ ಬಗ್ಗಿ ಕೈಮುಗಿದದ್ದು ನೋಡಿ ನನಗೂ ಅಳು ಬಂತು, ನಾನೂ ಸುಮ್ಮನಾದೆ.

ಮಾರನೇ ಬೇಸಿಗೆಯಲ್ಲಿ ಆ ಚಿತ್ರ ನಮ್ಮ ಟೆಂಟಿಗೆ ಬಂತು. ಮಾಲೀಕ ಗಾಡಿಗೆ ಮೈಕು ಕಟ್ಟಿ ನಿಮ್ಮೂರಿನ ಕಲಾವಿದ ಎಂದು ಕೂಗಿಸಿದ. ತಮ್ಮನ ಒಂದು ಪಾರ್ಟನ್ನೂ ನೋಡಿರದ ಶಿವಯ್ಯ ಹೆಂಡತಿ ಮಕ್ಕಳನ್ನೆಲ್ಲ ಗಾಡಿಗೆ ಹೇರಿಕೊಂಡು ಸಂಜೆಯ ಆಟಕ್ಕೆ ಬಂದ. ಮದ್ದೂರಿನಿಂದ ತಮ್ಮನನ್ನೂ ಹಠ ಹಿಡಿದು ಕರೆಸಿಕೊಂಡಿದ್ದ. ಗೇಟಿನಲ್ಲಿ ಚಲುವರಾಜು ನನ್ನ ಕೈ ಹಿಡಿದು, ಆ ಸೀನು ಇದೆಯಾ ಎಂದು ಪಿಸುಗುಟ್ಟಿದ. ನಾನು ನೋಡಿರಲಿಲ್ಲ, ರೀಲಿನ ಪೆಟ್ಟಿಗೆ ಮಧ್ಯಾಹ್ನದ ಬಸ್ಸಿಗೆ ಬಂದಿತ್ತು. ನಿನ್ನ ಸೀನು ಅವರು ಯಾವತ್ತು ಉಳಿಸಿದ್ದಾರೆ ಎಂದು ನಗಾಡಿದೆ. ಅವನೂ ನಕ್ಕ. ಟಿಕೆಟ್ ಮುಗಿಯಿತು ಎನ್ನಬಹುದಿತ್ತು. ನಾಳೆ ಬನ್ನಿ ಎನ್ನಬಹುದಿತ್ತು. ಅವರ ಐದು ಟಿಕೆಟನ್ನೂ ಈ ಕೈಯಲ್ಲೇ ಹರಿದೆ.

ಹತ್ತು ವರ್ಷದಲ್ಲಿ ಕಂಪನಿಯವರು ಅವನ ದೊಡ್ಡ ಸೀನೊಂದನ್ನು ಕತ್ತರಿಸದೆ ಪೂರ್ತಿ ಉಳಿಸಿದ್ದು ಅದೊಂದೇ ಸಲ. ಪರದೆಯ ತುಂಬ ಅವನ ಮುಖ. ಕತ್ತಿ ಆಡುತ್ತಿದೆ, ಕೂದಲು ಕೆನ್ನೆಯ ಮೇಲೆ ಜಾರಿ ಬೀಳುತ್ತಿದೆ.

"ತಡ ಆಯ್ತು ಕಣವ್ವ," ಎಂದಿತು ಪರದೆಯ ಮೇಲಿನ ಮುಖ. "ಬೈಬ್ಯಾಡ."

ನೆಲದಲ್ಲಿ ಕೂತ ಹೆಂಗಸರು ಬಿಕ್ಕಿದರು. ಬೆಂಚಿನವರು ತಿರುಗಿ ತಿರುಗಿ ಚಲುವರಾಜುವನ್ನು ಮೆಚ್ಚಿಗೆಯಿಂದ ನೋಡಿದರು. ಇಂಟರ್‌ವಲ್ಲಿಗೆ ದೀಪ ಹತ್ತಿದಾಗ ಶಿವಯ್ಯ ತಮ್ಮನ ತಲೆಯಲ್ಲಿ ಮತ್ತೆ ಬೆಳೆದಿದ್ದ ಕ್ರಾಪನ್ನೇ ನೋಡುತ್ತಿದ್ದ. ದನಿ ಏರಿಸಲಿಲ್ಲ.

"ಅವ್ವಂಗೇಂತ ಕೇಳ್ದಾಗ ಕೊಡ್ನಿಲ್ಲ. ಕಂಪ್ನಿಯೋರು ಕೇಳುದ್ರು, ಕೊಟ್ಟೆ. ಅದೇ ತಲೆ ತಂದು ಅವ್ವನ ಮುಂದೆ ಬಗ್ಗುಸ್ದಲ್ಲೊ."

ಹೆಂಡತಿ ಮಕ್ಕಳನ್ನು ಎಬ್ಬಿಸಿಕೊಂಡು ಗಾಡಿ ಕಟ್ಟಿದ. ಚಲುವರಾಜು ಉಳಿದರ್ಧ ಆಟದಲ್ಲಿ ಖಾಲಿ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಪಾರ್ಟು ಅವನದು, ಮಾತು ಅವನದು, ಆ ಅಳು ಮಾತ್ರ ಪಾರ್ಟಿನದಾಗಿರಲಿಲ್ಲ. ಅದನ್ನು ನಂಬಬೇಕಾಗಿದ್ದ ಒಬ್ಬನೇ ಮನುಷ್ಯ ಎದ್ದು ಹೋಗಿದ್ದ.

ಆಮೇಲೆ ಅವನು ಮದರಾಸಿನ ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಆ ವರ್ಷದ ಪಕ್ಷಕ್ಕೆ ಶಿಂಷಾ ಹೊಳೆಯ ದಂಡೆಯಲ್ಲಿ ಕೂತು ತಲೆ ಮೀಸೆ ಕೊಟ್ಟ. ಕ್ಯಾಮೆರಾ ಇರಲಿಲ್ಲ. ನಾನೊಬ್ಬ, ಇಂದ್ರಮ್ಮ ಒಬ್ಬಳು. ತಲೆ ಒರೆಸಿಕೊಂಡು ನನ್ನ ಕಡೆ ನೋಡಿದ. ಅಣ್ಣನಿಗೆ ನಾನೇ ಹೋಗಿ ಹೇಳಬೇಕು ಎಂದು ನನಗೆ ಅರ್ಥವಾಯಿತು. ಮಧ್ಯಾಹ್ನದ ಬಸ್ಸು ಹತ್ತಿ ಊರಿಗೆ ಹೋದೆ. ಶಿವಯ್ಯ ಎಡೆಗೆ ಬಾಳೆಎಲೆ ಕೊಯ್ಯುತ್ತಿದ್ದ. ನಿನ್ನ ತಮ್ಮ ಅವ್ವನಿಗೆ ಅಂತಲೇ ಬೋಳಿಸಿಕೊಂಡಿದ್ದಾನೆ, ಈ ಸಲ ನಾನೇ ಕಣ್ಣಾರೆ ಕಂಡಿದ್ದೇನೆ ಎಂದು ಹೇಳಿದೆ.

ಶಿವಯ್ಯ ಎಲೆ ಕೊಯ್ಯುವುದನ್ನು ನಿಲ್ಲಿಸಲಿಲ್ಲ.

"ಯಾವ ಪಿಚ್ಚರ್‌ಗ್ಲಾ?" ಎಂದ.